ಗೊಬ್ಬರದ ಕಲ್ಲಿನ ನಾಡಲ್ಲಿ ದಂಗೆಯ ಜಾಡು ಹಿಡಿದು

2024 ಡಿಸೆಂಬರ್ 10, ಮಂಗಳವಾರ. ಟ್ಯೂನಿಸ್

ಕಾಫಿ ಅಂಗಡಿಯ ಟಿವಿಯಲ್ಲಿ ಡಮಾಸ್ಕಸ್. ಸೈದ್ನಾಯಾ ಜೈಲಿನೊಳಗೆ ನುಗ್ಗಿದ ಜನ ನೆಲಕ್ಕೆ ಚೆಲ್ಲಿದ ಕಡತಗಳನ್ನು ಮೊಬೈಲ್ ಬೆಳಕಿನಲ್ಲಿ ತಿರುವಿಹಾಕುತ್ತಿದ್ದರು. ಮಗನ ಹೆಸರು, ಅಣ್ಣನ ಹೆಸರು ಎಲ್ಲಾದರೂ ಕಂಡೀತೇ ಎಂದು ಹುಡುಕಾಟ. ಸಿರಿಯಾದ ಅಧ್ಯಕ್ಷ ಬಶರ್ ಅಲ್-ಅಸಾದ್ ಮಾಸ್ಕೋಗೆ ಓಡಿ ಎರಡು ದಿನವಾಗಿತ್ತು. ಹಬೀಬ್ ಬುರ್ಗೀಬಾ ರಸ್ತೆಯ ಆ ಅಂಗಡಿಯಲ್ಲಿ ಸಿಗರೇಟು ಸೇದುತ್ತ ಕುಳಿತಿದ್ದ ಗಂಡಸರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ, ಒಬ್ಬರೂ ಬೈಯಲಿಲ್ಲ. ಮಾಣಿ ಬಂದು ಸದ್ದು ತಗ್ಗಿಸಿ ಹೋದ.

ಜೊತೆಗಿದ್ದವರು ನನ್ನ ಭಾವ. ಹಾವೇರಿ ಜಿಲ್ಲೆಯಲ್ಲಿ ಅವರದು ಬೀಜ, ಗೊಬ್ಬರದ ಅಂಗಡಿ. ನಾನು ಬೆಂಗಳೂರಿನಲ್ಲಿ ಫ್ರೆಂಚ್ ಕಾಗದಪತ್ರಗಳ ಅನುವಾದ ಮಾಡಿ ಹೊಟ್ಟೆ ಹೊರೆಯುವವನು. ಟುನೀಷಿಯಾಕ್ಕೆ ಹೋಗುತ್ತೇನೆ, 2010ರಲ್ಲಿ ಅಧ್ಯಕ್ಷ ಬೆನ್ ಅಲಿಯ ವಿರುದ್ಧ ದಂಗೆ ಎದ್ದ ಊರುಗಳನ್ನು ನೋಡಬೇಕು ಎಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ಭಾವ ಮಾತ್ರ, "ಡಿಎಪಿ ಗೊಬ್ಬರದ ಕಲ್ಲು ಅಲ್ಲಿಂದೂ ಬರ್ತೈತಲ್ಲೋ ತಮ್ಮಾ, ನಾನೂ ಬರ್ತೇನಿ" ಎಂದು ಪಾಸ್‌ಪೋರ್ಟ್ ತೆಗೆದರು. ಹಿಂಗಾರಿನ ಹೊತ್ತಲ್ಲಿ ಅಂಗಡಿ ಬಿಟ್ಟು ಬಂದದ್ದಕ್ಕೆ ದಾರಿಯುದ್ದಕ್ಕೂ ಅವರ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಆ ವರ್ಷ ನಮ್ಮಲ್ಲೂ ಡಿಎಪಿಗೆ ಕೊರತೆ.

ರಸ್ತೆ ಚೆಂದವಾಗಿದೆ. ನಡುವೆ ಸಾಲಾಗಿ ಕತ್ತರಿಸಿ ನಿಲ್ಲಿಸಿದ ಗೋಳಿ ಜಾತಿಯ ಮರಗಳು, ಸಂಜೆಯಾದರೆ ಕಿವಿಗಡಚಿಕ್ಕುವ ಹಕ್ಕಿಗಳ ಗಲಾಟೆ. ಒಂದು ತುದಿಯಲ್ಲಿ ಗಡಿಯಾರ ಗೋಪುರ, ನಡುವೆ ಕುದುರೆಯ ಮೇಲೆ ದೇಶದ ಮೊದಲ ಅಧ್ಯಕ್ಷ ಬುರ್ಗೀಬಾ, ಇನ್ನೊಂದು ಕಡೆ ಚರ್ಚಿನ ಎದುರಿಗೆ ಪುಸ್ತಕ ಹಿಡಿದ ಇತಿಹಾಸಕಾರ ಇಬ್ನ್ ಖಲ್ದೂನ್ ಪ್ರತಿಮೆ. ಗೋಪುರದ ಸುತ್ತಲಿನ ಚೌಕಕ್ಕೆ ಮೊದಲು ನವೆಂಬರ್ 7ರ ಹೆಸರಿತ್ತು. 1987ರ ಆ ದಿನ ಪ್ರಧಾನಿಯಾಗಿದ್ದ ಬೆನ್ ಅಲಿ, ಮುದುಕ ಬುರ್ಗೀಬಾ ಅವರಿಗೆ ಆಳುವ ಶಕ್ತಿ ಇಲ್ಲವೆಂದು ವೈದ್ಯರಿಂದ ಬರೆಸಿಕೊಂಡು ಗದ್ದುಗೆ ಏರಿದ್ದ. ಈಗ ಚೌಕಕ್ಕೆ 2011ರ ಜನವರಿ 14ರ ಹೆಸರು.

ಆ ಜನವರಿ 14ರಂದು ಜನ ತುಂಬಿದ್ದು ಇಲ್ಲಿಯೇ, ಗೃಹ ಸಚಿವಾಲಯದ ಬೂದು ಕಟ್ಟಡದ ಮುಂದೆ. ವಕೀಲರು ಕಪ್ಪು ಗೌನಿನಲ್ಲೇ ಬಂದಿದ್ದರು. ಕೂಗು ಒಂದೇ: "ದೆಗಾಜ್". ತೊಲಗು. ಸಂಜೆಗೆ ಬೆನ್ ಅಲಿ ವಿಮಾನ ಹತ್ತಿ ಸೌದಿಯ ಜೆದ್ದಾ ಸೇರಿದ. 23 ವರ್ಷದ ಆಳ್ವಿಕೆ ಒಂದು ತಿಂಗಳೂ ತಡೆಯಲಿಲ್ಲ. ಕಟ್ಟಡದ ಸುತ್ತ ಮುಳ್ಳುತಂತಿ ಸುರುಳಿ ಇವತ್ತಿಗೂ ಇದೆ. ಫೋಟೋ ತೆಗೆಯಬೇಡಿ ಎಂದು ಟ್ಯಾಕ್ಸಿಯವನು ಮೊದಲೇ ಹೇಳಿದ್ದ. ತೆಗೆಯಲಿಲ್ಲ.

ಬೆನ್ ಅಲಿ ಆ ತಿಂಗಳಲ್ಲಿ ಟಿವಿಗೆ ಬಂದದ್ದು ಮೂರು ಸಲ. ಡಿಸೆಂಬರ್ 28ರಂದು ಗದರಿಸಿದ. ಜನವರಿ 10ರಂದು ಭಯೋತ್ಪಾದಕರು ಎಂದು ಬೈದು, ಅದೇ ಉಸಿರಿನಲ್ಲಿ 3 ಲಕ್ಷ ಉದ್ಯೋಗ ಕೊಡುತ್ತೇನೆಂದ. 13ರಂದು ಪುಸ್ತಕದ ಅರಬ್ಬಿ ಬಿಟ್ಟು ಮನೆಮಾತಿನ ಟುನೀಷಿಯನ್‌ನಲ್ಲಿ "ನಿಮ್ಮನ್ನು ಅರ್ಥ ಮಾಡಿಕೊಂಡೆ" ಎಂದ. ಬ್ರೆಡ್ಡು, ಹಾಲು, ಸಕ್ಕರೆಯ ಬೆಲೆ ಇಳಿಸುತ್ತೇನೆ, 2014ರ ಚುನಾವಣೆಗೆ ನಿಲ್ಲುವುದಿಲ್ಲ, ಗುಂಡು ಹಾರಿಸುವುದಿಲ್ಲ ಎಂದ. ಗದರಿಕೆ, ಆಮಿಷ, ಅಳು, ಆಮೇಲೆ ವಿಮಾನ.

ಉಳಿದ ದೊರೆಗಳು ಇದನ್ನು ನೋಡಿ ಕಲಿತ ಪಾಠಗಳು ಬೇರೆಬೇರೆ. ಮುಬಾರಕ್ ಜನವರಿ 28ರಂದು ಈಜಿಪ್ಟಿನ ಇಂಟರ್ನೆಟ್ಟನ್ನೇ ಕಿತ್ತ. ಜನ ಸುದ್ದಿ ತಿಳಿಯಲು ಬೀದಿಗೇ ಇಳಿದರು, ಫೆಬ್ರವರಿ 11ಕ್ಕೆ ಅವನೂ ಇಳಿದ. ಸೌದಿ ದೊರೆ ಸುಮಾರು 130 ಬಿಲಿಯನ್ ಡಾಲರ್ ಖರ್ಚಿನ ಮನೆ, ಸಂಬಳ, ಭತ್ಯೆಗಳನ್ನು ಸಾರಿ ತನ್ನ ಪ್ರಜೆಗಳ ಬಾಯಿ ಮುಚ್ಚಿದ. ಬಹರೈನ್‌ಗೆ ಸೇತುವೆ ದಾಟಿ ಸೌದಿ ಸೈನ್ಯ ಬಂತು. ಜನ ಸೇರುತ್ತಿದ್ದ ವೃತ್ತದ ಮುತ್ತಿನ ಸ್ಮಾರಕವನ್ನೇ ಕೆಡವಿ ಹಾಕಿದರು. ಮೊರಾಕ್ಕೊ ದೊರೆ ಜುಲೈ 1ಕ್ಕೆ ಹೊಸ ಸಂವಿಧಾನಕ್ಕೆ ಜನಮತ ಕೇಳಿ ಗದ್ದುಗೆ ಉಳಿಸಿಕೊಂಡ. ಅಸಾದ್ 1963ರಿಂದ ಇದ್ದ ತುರ್ತುಸ್ಥಿತಿಯನ್ನು ಏಪ್ರಿಲ್‌ನಲ್ಲಿ ತೆಗೆದ, ವಾರದೊಳಗೇ ದರಾ ಊರಿಗೆ ಟ್ಯಾಂಕು ಕಳಿಸಿದ. ಇವರಲ್ಲಿ ಜಾಣ ಯಾರು ಎಂದು ಭಾವ ಕೇಳಿದರು. ದುಡ್ಡಿದ್ದವನು ಎಂದೆ.

ಊಟಕ್ಕೆ ಲಬ್ಲಾಬಿ: ಒಣ ಬ್ರೆಡ್ಡಿನ ಚೂರುಗಳ ಮೇಲೆ ಬಿಸಿ ಕಡಲೆಕಾಳಿನ ಸಾರು, ಜೀರಿಗೆ, ಹರೀಸಾ ಖಾರ. ಮೊಟ್ಟೆ, ಮೀನು ಬೇಡವೆಂದು ಎರಡೆರಡು ಸಲ ಹೇಳಬೇಕು. ಭಾವ ಬ್ಯಾಡಗಿಯವರು, ಹರೀಸಾ ನೋಡಿ, "ಬಣ್ಣ ಐತಿ, ಕಾರ ಇಲ್ಲ" ಎಂದು ತೀರ್ಪು ಕೊಟ್ಟರು.

ಡಿಸೆಂಬರ್ 11, ಬುಧವಾರ. ಕಸ್ಬಾ, ಬಾರ್ದೋ

ಮದೀನಾ ಎಂದು ಕರೆಯುವ ಹಳೆ ಊರಿನ ಓಣಿಗಳನ್ನು ಹತ್ತಿ ಕಸ್ಬಾ ಚೌಕಕ್ಕೆ ಬಂದರೆ ಪ್ರಧಾನಿ ಕಚೇರಿ. ಬೆನ್ ಅಲಿ ಹೋದ ಮೇಲೂ ಅವನದೇ ಪ್ರಧಾನಿ ಮುಂದುವರಿದಾಗ ದಂಗೆ ಎದ್ದ ಒಳನಾಡಿನ ಊರುಗಳಾದ ಸಿದಿ ಬೂಜಿದ್, ಕಸ್ಸರೀನ್ ಕಡೆಯ ಹುಡುಗರು ರಾಜಧಾನಿಗೆ ಬಂದು ಈ ಚೌಕದಲ್ಲಿ ಕಂಬಳಿ ಹಾಸಿ ಮಲಗಿದರು. ಊರಿನವರು ಅನ್ನ ತಂದುಕೊಟ್ಟರು. ಒಮ್ಮೆ ಪೊಲೀಸರು ಎಬ್ಬಿಸಿ ಓಡಿಸಿದರೂ ಮತ್ತೆ ಬಂದರು. ಫೆಬ್ರವರಿ 27ರಂದು ಪ್ರಧಾನಿ ಮೊಹಮ್ಮದ್ ಘನ್ನೂಶಿ ರಾಜೀನಾಮೆ ಕೊಟ್ಟರು. ಅದೇ ದಿನ ಪ್ಯಾರಿಸ್ಸಿನಲ್ಲಿ ವಿದೇಶಾಂಗ ಸಚಿವೆ ಮಿಶೆಲ್ ಅಲಿಯೊ-ಮರಿಯವರದೂ ರಾಜೀನಾಮೆ. ಬೆನ್ ಅಲಿ ಬೀಳುವ ಮೂರು ದಿನ ಮೊದಲು ಅವನ ಪೊಲೀಸರಿಗೆ ಫ್ರಾನ್ಸಿನ ಪರಿಣತಿಯ ನೆರವು ಕೊಡೋಣವೆಂದು ಸಂಸತ್ತಿನಲ್ಲಿ ನಿಂತು ಹೇಳಿದ್ದ ಪುಣ್ಯಾತ್ಗಿತ್ತಿ ಈಕೆ.

ಈಗ ಚೌಕದಲ್ಲಿ ಮಲಗುವವರಿಲ್ಲ. ಕಬ್ಬಿಣದ ಬೇಲಿ, ಪೊಲೀಸು, ಬಾವುಟಗಳು.

ಮಧ್ಯಾಹ್ನ ಬಾರ್ದೋ. ಒಂದೇ ಆವರಣದಲ್ಲಿ ರೋಮನ್ ಮೊಸಾಯಿಕ್‌ಗಳ ಮ್ಯೂಸಿಯಂ, ಪಕ್ಕದಲ್ಲೇ ಸಂಸತ್ತು. 2015ರ ಮಾರ್ಚ್ 18ರಂದು ಬಂದೂಕುಧಾರಿಗಳು ಈ ಮ್ಯೂಸಿಯಂನಲ್ಲಿ 20ಕ್ಕೂ ಹೆಚ್ಚು ಜನರನ್ನು, ಹೆಚ್ಚಿನವರು ಪ್ರವಾಸಿಗರು, ಕೊಂದಿದ್ದರು. ಅದೇ ವರ್ಷ ನೊಬೆಲ್ ಶಾಂತಿ ಪ್ರಶಸ್ತಿಯೂ ಇದೇ ದೇಶಕ್ಕೆ ಬಂತು: ಕಾರ್ಮಿಕ ಸಂಘ, ಉದ್ಯಮಿಗಳ ಸಂಘ, ವಕೀಲರು, ಮಾನವ ಹಕ್ಕು ಸಂಘ ಸೇರಿ ಮಾಡಿದ ಸಂಧಾನಕ್ಕೆ. 2014ರ ಸಂವಿಧಾನ ಆ ಸಂಧಾನದ ಫಲ. ಅರಬ್ ನಾಡುಗಳ ಪೈಕಿ ಇದೊಂದು ದಡ ಸೇರಿತು ಎಂದು ಆಗ ಎಲ್ಲರೂ ಬರೆದರು.

2021ರ ಜುಲೈ 25ರ ರಾತ್ರಿ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನು ಅಮಾನತಿನಲ್ಲಿಟ್ಟರು. ಸ್ಪೀಕರ್ ರಶೀದ್ ಘನ್ನೂಶಿ ನಸುಕಿನಲ್ಲಿ ಬಂದಾಗ ಗೇಟಿನ ಹಿಂದೆ ಸೈನಿಕರಿದ್ದರು. ಮ್ಯೂಸಿಯಂ ಕೂಡ ಎರಡು ವರ್ಷಕ್ಕೂ ಹೆಚ್ಚು ಬಾಗಿಲು ಹಾಕಿಕೊಂಡಿತ್ತು. ಹೊರಗಿನವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿ ಒಂದಿದೆ: ಆ ರಾತ್ರಿ ಜನ ಬೀದಿಗಿಳಿದು ಹಾರ್ನ್ ಬಾರಿಸಿ ಸಂಭ್ರಮಿಸಿದರು. ಕೊರೊನಾದಲ್ಲಿ ಆಮ್ಲಜನಕವಿಲ್ಲದೆ ಸತ್ತಿದ್ದರು, ಸಂಸತ್ತಿನಲ್ಲಿ ಸದಸ್ಯರು ಹೊಡೆದಾಡುವುದನ್ನು ಟಿವಿಯಲ್ಲಿ ಕಂಡಿದ್ದರು. ಆಮೇಲೆ ಹೊಸ ಸಂವಿಧಾನ ಬಂತು, ಸ್ಪೀಕರ್ ಘನ್ನೂಶಿ ಜೈಲಿಗೆ ಹೋದರು, ಸುಳ್ಳುಸುದ್ದಿ ತಡೆಯುವ 54ನೇ ಸುಗ್ರೀವಾಜ್ಞೆಯಲ್ಲಿ ಪತ್ರಕರ್ತರೂ ವಕೀಲರೂ ಒಳಗಾದರು. ನಾವು ಹೋಗುವ ಎರಡು ತಿಂಗಳ ಮೊದಲು ಸಯೀದ್ 90 ಪ್ರತಿಶತ ಮತದಿಂದ ಮತ್ತೆ ಗೆದ್ದಿದ್ದರು. ಮತಗಟ್ಟೆಗೆ ಬಂದವರು ನೂರಕ್ಕೆ 29 ಮಂದಿಯೂ ಇಲ್ಲ.

ಹೋಟೆಲಿನ ಹುಡುಗ ಇನ್ನೊಂದು ವಿಷಯ ಹೇಳಿದ. ಜನವರಿ 14ಕ್ಕೆ ರಜೆ ಇತ್ತು, ಅದು ಈಗ ಇಲ್ಲ. ಕ್ರಾಂತಿಯ ದಿನವನ್ನು ಅಧ್ಯಕ್ಷರು 2021ರಲ್ಲಿ ಡಿಸೆಂಬರ್ 17ಕ್ಕೆ ಬದಲಿಸಿದ್ದಾರೆ. ಬೆನ್ ಅಲಿ ಓಡಿದ ದಿನವಲ್ಲ, ಹಳ್ಳಿಗಾಡಿನ ಹುಡುಗ ಮೊಹಮ್ಮದ್ ಬುವಾಜೀಜಿ ಮೈ ಸುಟ್ಟುಕೊಂಡ ದಿನವೇ ನಿಜವಾದ ಕ್ರಾಂತಿ, ಆಮೇಲಿನದೆಲ್ಲ ರಾಜಧಾನಿಯವರು ಕದ್ದದ್ದು ಎಂಬುದು ಅವರ ವಾದ. ಅರ್ಧ ಸತ್ಯವಿರುವ ವಾದವೇ ಅಧಿಕಾರಸ್ಥರಿಗೆ ಹೆಚ್ಚು ಅನುಕೂಲ.

ಡಿಸೆಂಬರ್ 12, ಗುರುವಾರ. ಕೈರವಾನ್ ದಾರಿಯಾಗಿ

ಮೊನ್ಸೆಫ್ ಬೇ ನಿಲ್ದಾಣದಿಂದ ಲುವಾಜ್ ಹಿಡಿದೆವು. ಲುವಾಜ್ ಎಂದರೆ ಎಂಟು ಜನ ಹಿಡಿಸುವ ಬಿಳಿ ವ್ಯಾನು. ದೂರದ ಊರಿನದಕ್ಕೆ ಕೆಂಪು ಪಟ್ಟೆ, ಹತ್ತಿರದ್ದಕ್ಕೆ ನೀಲಿ. ಎಂಟನೆಯವನು ಬರುವವರೆಗೂ ಹೊರಡುವುದಿಲ್ಲ. ಭಾವನಿಗೆ ಈ ಪದ್ಧತಿ ಅಪರಿಚಿತವೇನಲ್ಲ.

ಕೈರವಾನ್‌ನಲ್ಲಿ 670ರಲ್ಲಿ ಅಡಿಪಾಯ ಹಾಕಿದ ದೊಡ್ಡ ಮಸೀದಿ ನೋಡಿ, ಖರ್ಜೂರದ ಹೂರಣದ ಮಕ್ರೂದ್ ತಿಂದು ಹೊರಟೆವು. ಅಲ್ಲಿಂದ ಮುಂದೆ ಟುನೀಷಿಯಾ ಬದಲಾಗುತ್ತದೆ. ಸಮುದ್ರ ಬದಿಯ ಹೋಟೆಲು, ಹೆದ್ದಾರಿ, ಕಾರ್ಖಾನೆ ಹಿಂದೆ ಉಳಿದು ಪಾಪಾಸುಕಳ್ಳಿಯ ಬೇಲಿ, ಆಲಿವ್ ತೋಟ, ಬೋರ್‌ವೆಲ್ ಮನೆಗಳು ಶುರುವಾದವು. ನೀರಾವರಿ ಇದ್ದಲ್ಲಿ ಟೊಮೆಟೊ, ಮೆಣಸಿನಕಾಯಿ. ಭೂಮಿ ಬಡವಲ್ಲ. ತರಕಾರಿ ಇಲ್ಲಿ ಬೆಳೆದು ಕರಾವಳಿಗೆ ಹೋಗಿ ಅಲ್ಲೇ ಬೆಲೆ ಕಟ್ಟಿಸಿಕೊಳ್ಳುತ್ತದೆ. "ನಮ್ಮ ಕಡೀನೂ ಇದ ಕತಿ" ಎಂದು ಭಾವ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು.

ಸಿದಿ ಬೂಜಿದ್ ತಲುಪಿದಾಗ ಕತ್ತಲು. ಊರಿನಲ್ಲಿ ಹೇಳಿಕೊಳ್ಳುವಂಥ ಹೋಟೆಲಿಲ್ಲ.

ಡಿಸೆಂಬರ್ 13, ಶುಕ್ರವಾರ. ಸಿದಿ ಬೂಜಿದ್

ಮುಖ್ಯರಸ್ತೆಗೆ ಮೊಹಮ್ಮದ್ ಬುವಾಜೀಜಿಯ ಹೆಸರು. ಅಂಚೆ ಕಚೇರಿಯ ಗೋಡೆಯ ಮೇಲೆ ಅವನದೇ ದೊಡ್ಡ ಚಿತ್ರ, ಚಪ್ಪಾಳೆ ತಟ್ಟುವ ಭಂಗಿ. ಎದುರಿಗೆ ಕಲ್ಲಿನ ತಳ್ಳುಗಾಡಿ. ಸ್ಮಾರಕದ ನೆರಳಿನಲ್ಲೇ ನಿಜವಾದ ತಳ್ಳುಗಾಡಿಗಳು ನಿಂತಿದ್ದವು: ಕಿತ್ತಳೆ, ಖರ್ಜೂರ, ಚೀನಾದ ಸಾಕ್ಸು.

2010ರ ಡಿಸೆಂಬರ್ 17ರ ಬೆಳಿಗ್ಗೆ ಪುರಸಭೆಯವರು 26 ವರ್ಷದ ಈ ಹಣ್ಣಿನ ವ್ಯಾಪಾರಿಯ ತಕ್ಕಡಿಯನ್ನು ಕಿತ್ತುಕೊಂಡರು. ಕೇಳಲು ಗವರ್ನರ್ ಕಚೇರಿಗೆ ಹೋದ, ಒಳಗೆ ಬಿಡಲಿಲ್ಲ. ಗೇಟಿನ ಮುಂದೆ ಮೈಮೇಲೆ ಹೊತ್ತಿಕೊಳ್ಳುವ ದ್ರವ ಸುರಿದುಕೊಂಡು ಬೆಂಕಿ ಹಚ್ಚಿಕೊಂಡ. ಜನವರಿ 4ರಂದು ರಾಜಧಾನಿ ಬಳಿಯ ಸುಟ್ಟಗಾಯದ ಆಸ್ಪತ್ರೆಯಲ್ಲಿ ತೀರಿಕೊಂಡ. ಅದಕ್ಕೂ ಮೊದಲು ಬೆನ್ ಅಲಿ ಹಾಸಿಗೆಯ ಬಳಿ ನಿಂತು ಫೋಟೋ ತೆಗೆಸಿಕೊಂಡಿದ್ದ. ಮೈತುಂಬ ಬಿಳಿ ಬಟ್ಟೆ ಸುತ್ತಿದ ಆ ದೇಹ, ಕೈಕಟ್ಟಿ ನಿಂತ ಅಧ್ಯಕ್ಷ. ಜನರ ಕೋಪ ತಣಿಸಲು ತೆಗೆಸಿದ ಆ ಚಿತ್ರವೇ ಕೋಪವನ್ನು ಇಮ್ಮಡಿ ಮಾಡಿತು.

ಪದವೀಧರ ಎಂದು ಪತ್ರಿಕೆಗಳು ಬರೆದವು. ಅವನು ಶಾಲೆಯನ್ನೇ ಮುಗಿಸಿರಲಿಲ್ಲ. ಕೆನ್ನೆಗೆ ಹೊಡೆದಳೆಂದು ಹೇಳಲಾದ ಪುರಸಭೆಯ ಮಹಿಳೆ ನಾಲ್ಕು ತಿಂಗಳು ಬಂಧನದಲ್ಲಿದ್ದು, ಆಮೇಲೆ ಆರೋಪ ಬಿದ್ದುಹೋಗಿ ಬಿಡುಗಡೆಯಾದಳು. ಪೆಟ್ಟು ಬಿತ್ತೋ ಇಲ್ಲವೋ ಎಂಬ ಜಗಳ ಊರಿನಲ್ಲಿ ಇನ್ನೂ ಮುಗಿದಿಲ್ಲ. ನನಗೆ ಅದು ಅಷ್ಟು ಮುಖ್ಯ ಎನಿಸಲಿಲ್ಲ. ತಕ್ಕಡಿ ಕಿತ್ತುಕೊಳ್ಳುವ ಅಧಿಕಾರ ಇದ್ದವರಿಗೆ ಅದನ್ನು ಕೇಳಲು ಬಂದವನನ್ನು ಒಳಗೆ ಕರೆಯುವ ವ್ಯವಧಾನ ಇರಲಿಲ್ಲ, ಅಷ್ಟೆ.

ಅಂಚೆ ಕಚೇರಿ ಬಳಿಯ ಕಾಫಿ ಅಂಗಡಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಸಿಕ್ಕರು. ಚೆನ್ನಾಗಿ ಫ್ರೆಂಚ್ ಆಡುತ್ತಿದ್ದರು.

"ಬೆಂಕಿ ಹಚ್ಚಿಕೊಂಡವರು ಅವನಿಗಿಂತ ಮೊದಲೂ ಇದ್ದರು ಮಸ್ಯೂ," ಎಂದರು. "ಆ ದಿನ ಇಲ್ಲಿ ಏನಾಯಿತೆಂದರೆ, ಅವನ ಸಂಬಂಧಿಕರು ಮೊಬೈಲಿನಲ್ಲಿ ಚಿತ್ರ ತೆಗೆದರು. ಉಪಾಧ್ಯಾಯರ ಸಂಘದವರು, ವಕೀಲರು ಅದೇ ಸಂಜೆ ಗೇಟಿನ ಮುಂದೆ ಸೇರಿದೆವು. ರಾತ್ರಿ ಅಲ್ ಜಝೀರಾದಲ್ಲಿ ಬಂತು."

"ಆಮೇಲೆ?"

"ಆಮೇಲೆ ಪಕ್ಕದ ಮೆಂಜೆಲ್ ಬೂಜಯಾನ್‌ನಲ್ಲಿ ಡಿಸೆಂಬರ್ 24ಕ್ಕೆ ಗುಂಡು ಹಾರಿತು. ಗುಂಡು ಹಾರಿದ ಮೇಲೆ ಯಾರೂ ಮನೆಗೆ ಹೋಗಲಿಲ್ಲ."

ಭಾವ ನನ್ನ ಮೂಲಕ ಕೇಳಿಸಿದರು: ಈಗ ಹೇಗಿದೆ? ಮೇಷ್ಟ್ರು ಗೋಡೆಯ ಚಿತ್ರದ ಕಡೆ ಗದ್ದ ತೋರಿಸಿದರು. "ಅದನ್ನು ನೋಡಿ ಬೈಯುವವರಿದ್ದಾರೆ. ಇವನಿಂದಲೇ ಎಲ್ಲ ಹಾಳಾಯಿತು ಎನ್ನುತ್ತಾರೆ. ನನ್ನ ಮಗಳು ಎಂ.ಎ. ಮಾಡಿ ಹನ್ನೆರಡು ವರ್ಷ. ಹತ್ತು ವರ್ಷಕ್ಕಿಂತ ಹೆಚ್ಚು ಕೆಲಸವಿಲ್ಲದ ಪದವೀಧರರಿಗೆ ಸರ್ಕಾರಿ ನೌಕರಿ ಎಂದು 2020ರಲ್ಲಿ ಕಾನೂನು ಬಂತು, 38ನೇ ನಂಬರಿನ ಕಾನೂನು. ಸಹಿ ಹಾಕಿದವರು ಸಯೀದ್. ಮುಂದಿನ ವರ್ಷ ಅದು ಜಾರಿ ಮಾಡಲಾಗದ ಕಾನೂನು ಎಂದವರೂ ಸಯೀದ್."

ಕಾಫಿ ದುಡ್ಡು ಕೊಡಲು ಬಿಡಲಿಲ್ಲ.

ಗವರ್ನರ್ ಕಚೇರಿಯ ಗೇಟು ಬೀದಿಯ ಆಚೆಗೇ. ನಾಲ್ಕು ದಿನ ಕಳೆದರೆ ವಾರ್ಷಿಕ ದಿನ. ಒಬ್ಬ ರಸ್ತೆಯಂಚಿನ ಕಲ್ಲಿಗೆ ಸುಣ್ಣ ಬಳಿಯುತ್ತಿದ್ದ.

ಡಿಸೆಂಬರ್ 14, ಶನಿವಾರ. ಕಸ್ಸರೀನ್

ದಾರಿಯಲ್ಲಿ ಸ್ಬೈತ್ಲಾ. ರೋಮನ್ನರ ಮೂರು ದೇಗುಲಗಳು ಒಂದರ ಪಕ್ಕ ಒಂದು, ಜೇನುಬಣ್ಣದ ಕಲ್ಲು, ಬಿಸಿಲು, ನಾವು ಬಿಟ್ಟರೆ ಒಂದು ನಾಯಿ. ಇನ್ನೊಂದು ದೇಶದಲ್ಲಿದ್ದರೆ ಇದಕ್ಕಾಗಿಯೇ ವಿಮಾನ ಹತ್ತುತ್ತಿದ್ದರು.

ಕಸ್ಸರೀನ್ ಚಳಿಯ ಊರು. ಹಿಂದೆ ಟುನೀಷಿಯಾದ ಅತಿ ಎತ್ತರದ ಬೆಟ್ಟ ಶಾಂಬಿ, 1544 ಮೀಟರ್; ಉಗ್ರರು ಅಡಗಿದ್ದ ಕಾರಣಕ್ಕೆ ವರ್ಷಗಟ್ಟಲೆ ಸೈನ್ಯದ ವಶದಲ್ಲಿದ್ದದ್ದು. ಆಚೆ ಅಲ್ಜೀರಿಯಾ. ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಕ್ಯಾನುಗಳು, ಆಲಿಕೆ, ಎಣ್ಣೆ ಹಿಡಿದ ಬಟ್ಟೆ: ಗಡಿಯಾಚೆಯ ಕಳ್ಳ ಪೆಟ್ರೋಲು. ದೊಡ್ಡ ಉದ್ಯೋಗದಾತ ಎಂದರೆ ಅಲ್ಫಾ ಹುಲ್ಲಿನಿಂದ ಕಾಗದದ ತಿರುಳು ಮಾಡುವ ಹಳೆಯ ಸರ್ಕಾರಿ ಕಾರ್ಖಾನೆ.

2011ರ ಜನವರಿ 8ರಿಂದ 10ರವರೆಗೆ ಇಲ್ಲಿ ಮತ್ತು ಉತ್ತರದ ತಾಲಾ ಊರಿನಲ್ಲಿ ಪೊಲೀಸರು ನಡೆಸಿದ ಗುಂಡಿನ ಸುರಿಮಳೆ ಇಡೀ ದಂಗೆಯಲ್ಲೇ ಅತಿ ಕ್ರೂರವಾದದ್ದು. ಬುವಾಜೀಜಿಯ ಹೆಸರು ಜಗತ್ತಿಗೆ ಗೊತ್ತು. ಬೆನ್ ಅಲಿಯನ್ನು ನಿಜವಾಗಿ ಅಲುಗಿಸಿದ್ದು ಕಸ್ಸರೀನ್‌ನ ಹೆಣಗಳು ಎಂದು ಇಲ್ಲಿಯವರು ಹೇಳುತ್ತಾರೆ, ನನಗೂ ಅದೇ ಸರಿ ಎನಿಸುತ್ತದೆ. ಆ ಮೂರು ದಿನಗಳ ನಂತರವೇ ಕಾರ್ಮಿಕ ಸಂಘ ಸ್ಫಾಕ್ಸ್‌ನಲ್ಲಿ ಸಾರ್ವತ್ರಿಕ ಮುಷ್ಕರ ಹೂಡಿತು, ರಾಜಧಾನಿ ಎದ್ದಿತು.

ಕೊಂದವರಿಗೆ ಏನಾಯಿತು? ವಿಚಾರಣೆ ನಡೆದದ್ದು ಸೈನಿಕ ನ್ಯಾಯಾಲಯದಲ್ಲಿ. ದೇಶದಲ್ಲಿಲ್ಲದ ಬೆನ್ ಅಲಿಗೆ ಜೀವಾವಧಿ. ದೇಶದಲ್ಲೇ ಇದ್ದ ಹಿರಿಯ ಅಧಿಕಾರಿಗಳಿಗೆ 2014ರ ಏಪ್ರಿಲ್‌ನಲ್ಲಿ ಮೇಲ್ಮನವಿ ಕೋರ್ಟು ಶಿಕ್ಷೆಯನ್ನು ಮೂರು ವರ್ಷಕ್ಕಿಳಿಸಿತು; ಅಷ್ಟರಲ್ಲಿ ಅಷ್ಟು ಕಾಲ ಜೈಲಿನಲ್ಲಿ ಕಳೆದೂ ಆಗಿತ್ತು. ಸತ್ತವರ ಲೆಕ್ಕವೂ ಹಾಗೆಯೇ. ತನಿಖಾ ಆಯೋಗ ಜೈಲಿನಲ್ಲಿ ಸತ್ತ ಕೈದಿಗಳು, ಪೊಲೀಸರು, ಸೈನಿಕರನ್ನೂ ಸೇರಿಸಿ 338 ಜನ ಎಂದಿತ್ತು. ಹುತಾತ್ಮರ ಅಧಿಕೃತ ಪಟ್ಟಿ ಗೆಜೆಟ್ಟಿನಲ್ಲಿ ಪ್ರಕಟವಾಗಲು 2021ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಅದರಲ್ಲಿ ಇದ್ದದ್ದು 129 ಹೆಸರು, ಗಾಯಾಳುಗಳು 634. ಹತ್ತು ವರ್ಷ ಮಗನ ಫೋಟೋ ಹಿಡಿದು ಕಚೇರಿ ಅಲೆದ ತಾಯಂದಿರಿಗೆ ಅವನು ಪಟ್ಟಿಯಲ್ಲಿಲ್ಲ ಎಂಬ ಉತ್ತರ.

ಈ ದೇಶದಲ್ಲಿ ನಾನು ಕಂಡ ಸರ್ಕಾರದ ಮುಖ್ಯ ಆಯುಧ ಬಂದೂಕಲ್ಲ, ಪಟ್ಟಿ. ಬಂದೂಕು ಒಂದು ವಾರ ಮಾತಾಡಿತು. ಆಮೇಲಿನ ಮಾತೆಲ್ಲ ಪಟ್ಟಿಯದ್ದೇ. 2016ರ ಜನವರಿಯಲ್ಲಿ ಇದೇ ಊರಿನ ರಿದಾ ಯಹ್ಯಾವಿ ಎಂಬ ನಿರುದ್ಯೋಗಿ ನೇಮಕಾತಿ ಪಟ್ಟಿಯಿಂದ ತನ್ನ ಹೆಸರು ಬಿಟ್ಟದ್ದಕ್ಕೆ ವಿದ್ಯುತ್ ಕಂಬ ಹತ್ತಿ, ಶಾಕ್ ಹೊಡೆದು ಸತ್ತ. ಊರು ಮತ್ತೆ ಎದ್ದಿತು. ಸರ್ಕಾರ ಕಸ್ಸರೀನ್‌ಗೆ 5 ಸಾವಿರ ಕೆಲಸ ಎಂದು ಸಾರಿತು, ಆಮೇಲೆ ಅದು ಹೇಳುವಾಗ ಆದ ತಪ್ಪು ಎಂದಿತು, ದೇಶವಿಡೀ ಕರ್ಫ್ಯೂ ಹಾಕಿತು.

ಕಸ್ಸರೀನ್‌ನವರು ತಿರುಗಿಸಿ ಪಟ್ಟಿಯಿಂದಲೇ ಹೊಡೆದದ್ದೂ ಇದೆ, ಅದು ನನಗೆ ಬಹಳ ಹಿಡಿಸಿತು. ಹಿಂದಿನ ಆಳ್ವಿಕೆಯ ಅನ್ಯಾಯಗಳನ್ನು ದಾಖಲಿಸಲು ಸತ್ಯ ಮತ್ತು ಘನತೆ ಆಯೋಗ ಎಂದೊಂದಿತ್ತು; 62 ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. 2015ರಲ್ಲಿ ಅದರ ಮುಂದೆ ಇಡೀ ಕಸ್ಸರೀನ್ ಪ್ರಾಂತ್ಯವನ್ನೇ 'ಬಲಿಪಶು' ಎಂದು ನಮೂದಿಸುವ ಅರ್ಜಿ ಹಾಕಲಾಯಿತು. ಒಬ್ಬ ಮನುಷ್ಯನನ್ನಲ್ಲ, ರಸ್ತೆ, ಆಸ್ಪತ್ರೆ, ಕಾರ್ಖಾನೆ ಯಾವುದನ್ನೂ ಕೊಡದೆ ದಶಕಗಟ್ಟಲೆ ಬೇಕೆಂದೇ ಹಿಂದೆ ಬಿಟ್ಟ ಒಂದು ಪ್ರದೇಶವನ್ನು.

"ಅಂಥಾ ಅರ್ಜಿ ಬರ್ಯಾಕ ನಮ್ಮಲ್ಲೂ ಭಾಳ ಜಿಲ್ಲಾ ಅದಾವ" ಎಂದರು ಭಾವ.

ಡಿಸೆಂಬರ್ 15, ಭಾನುವಾರ. ರೆದೆಯೆಫ್

ಗಫ್ಸಾದಲ್ಲಿ ಚೀಲ ಇಳಿಸಿ ಮತ್ಲಾವಿ ದಾಟಿ ರೆದೆಯೆಫ್‌ಗೆ ಹೋದೆವು. ಬೋಳು ಗುಡ್ಡಗಳು, ಬೂದು ಧೂಳು, ಸಣ್ಣ ಹಳಿಯ ರೈಲುದಾರಿ. 1885ರಲ್ಲಿ ಫಿಲಿಪ್ ತೋಮಾ ಎಂಬ ಫ್ರೆಂಚ್ ಸೈನ್ಯದ ಪಶುವೈದ್ಯ ಇಲ್ಲಿ ಫಾಸ್ಫೇಟ್, ಅಂದರೆ ಗೊಬ್ಬರದ ಕಲ್ಲು, ಕಂಡ. ಹತ್ತಾರು ವರ್ಷದಲ್ಲಿ ಗಣಿ, ರೈಲು, ಕೂಲಿ ಕೇರಿ ಎಲ್ಲ ಬಂದವು. ಊರಿನಲ್ಲಿ ಗಫ್ಸಾ ಫಾಸ್ಫೇಟ್ ಕಂಪನಿ ಬಿಟ್ಟರೆ ಬೇರೆ ದೇವರಿಲ್ಲ.

ಭಾವ ರಸ್ತೆ ಬದಿಯಿಂದ ಒಂದು ಹೆಂಟೆ ಎತ್ತಿ ಅಂಗೈಯಲ್ಲಿ ಉಜ್ಜಿ ಮೂಸಿದರು. "ಇದರ ಸಲುವಾಗಿ ನಮ್ಮ ಮಂದಿ ನಸುಕಿನಾಗ ಬಂದು ಪಾಳಿ ಹಚ್ತಾರ." ಈ ಕಲ್ಲಿನಿಂದ ಫಾಸ್ಫಾರಿಕ್ ಆಮ್ಲ, ಆಮ್ಲದಿಂದ ಡಿಎಪಿ, 50 ಕಿಲೋ ಚೀಲಕ್ಕೆ 1350 ರೂಪಾಯಿ. ಕರಾವಳಿಯ ಸ್ಖೀರಾದಲ್ಲಿ ಭಾರತಕ್ಕೆಂದೇ ಆಮ್ಲ ಮಾಡುವ ಕಾರ್ಖಾನೆ ಇದೆ. ಅದರಲ್ಲಿ ಕೋರಮಂಡಲ್ ಮತ್ತು ಗುಜರಾತಿನ ಜಿಎಸ್‌ಎಫ್‌ಸಿ ಕಂಪನಿಗಳ ಪಾಲೂ ಉಂಟು.

ಟುನೀಷಿಯಾದ ದಂಗೆಯ ನಿಜವಾದ ತಾಲೀಮು ನಡೆದದ್ದು ಈ ಊರಿನಲ್ಲಿ, ಬುವಾಜೀಜಿಗಿಂತ ಮೂರು ವರ್ಷ ಮೊದಲು. ಗಣಿ ಯಂತ್ರಗಳು ಬಂದ ಮೇಲೆ ಕಂಪನಿಯ ಕೆಲಸಗಾರರು 14 ಸಾವಿರದಿಂದ 5 ಸಾವಿರಕ್ಕಿಳಿದಿದ್ದರು. 2008ರ ಜನವರಿ 5ರಂದು ನೇಮಕಾತಿಯ ಫಲಿತಾಂಶ ಬಂತು. ಗಣಿಯಲ್ಲಿ ಸತ್ತವರ, ಕೈಕಾಲು ಕಳೆದುಕೊಂಡವರ ಮಕ್ಕಳಿಗೆ ಸಿಗಬೇಕಾದ ಜಾಗಗಳಲ್ಲಿ ಆಳುವ ಪಕ್ಷದವರ, ಕಾರ್ಮಿಕ ಸಂಘದ ಪ್ರಾದೇಶಿಕ ಮುಖಂಡನ ಕಡೆಯವರ ಹೆಸರುಗಳಿದ್ದವು. ಆ ಮುಖಂಡನೋ ಆಳುವ ಪಕ್ಷದ ಸಂಸದ, ಗಣಿಗೆ ಕೂಲಿಗಳನ್ನು ಒದಗಿಸುವ ಗುತ್ತಿಗೆಯೂ ಅವನದೇ. ಗಣಿ ವಿಧವೆಯರು ಡೇರೆ ಹಾಕಿ ಕೂತರು. ಹುಡುಗರು ಹಳಿಯ ಮೇಲೆ ಕೂತು ಫಾಸ್ಫೇಟ್ ರೈಲು ತಡೆದರು. ಅದ್ನಾನ್ ಹಾಜಿ ಎಂಬ ಶಾಲಾ ಮೇಷ್ಟ್ರು ಮುಂದಾಳಾದರು. ಆರು ತಿಂಗಳು ನಡೆಯಿತು. ಟಿವಿ, ಪತ್ರಿಕೆ ಒಂದಕ್ಷರ ಹೇಳಲಿಲ್ಲ. ವಿಡಿಯೊಗಳು ಸಿಡಿಯಲ್ಲಿ ಕೈಯಿಂದ ಕೈಗೆ ದಾಟಿದವು. ಆ ಆಗಸ್ಟಿನಲ್ಲಿ ಸರ್ಕಾರ ಫೇಸ್‌ಬುಕ್ಕನ್ನೇ ಕೆಲ ದಿನ ಮುಚ್ಚಿತ್ತು. ಜೂನ್ 6ರಂದು ಪೊಲೀಸರು ಗುಂಡು ಹಾರಿಸಿ ಒಬ್ಬ ಯುವಕನನ್ನು ಕೊಂದರು, ಮರುದಿನ ಸೈನ್ಯ ಊರನ್ನು ಸುತ್ತುವರಿಯಿತು. ಹಾಜಿಗೆ 10 ವರ್ಷ ಜೈಲು, ಮರುವರ್ಷ ಬಿಟ್ಟರು.

ಇಷ್ಟನ್ನು ನಾನು ಭಾವನಿಗೆ ಹೇಳುತ್ತಿದ್ದೆ. ಅವರು ತಡೆದರು.

"ಯಾವ ವರ್ಷ ಅಂದಿ?"

"2008, ಜೂನ್ 6."

"ನಮ್ಮದು ಜೂನ್ 10."

ಬಿಡಿಸಿ ಹೇಳಬೇಕಾಗಿರಲಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಇಬ್ಬರು ರೈತರು ಸತ್ತರು. ಹೊಸ ಸರ್ಕಾರ ಬಂದು ಎರಡು ವಾರವೂ ಆಗಿರಲಿಲ್ಲ. ಆ ವರ್ಷ ಜಗತ್ತಿನ ಮಾರುಕಟ್ಟೆಯಲ್ಲಿ ಡಿಎಪಿ ಟನ್ನಿಗೆ ಸಾವಿರ ಡಾಲರ್ ದಾಟಿತ್ತು. ಇಲ್ಲಿ ಕಲ್ಲಿಗೆ ಅಷ್ಟು ಬೆಲೆ ಬಂದ ವರ್ಷವೇ ಕಲ್ಲು ತೆಗೆಯುವ ಊರಿನಲ್ಲಿ ಕೆಲಸವಿಲ್ಲ. ಅಲ್ಲಿ ಮಳೆ ಬಿದ್ದ ಹೊಲಕ್ಕೆ ಗೊಬ್ಬರವಿಲ್ಲ. ಒಂದರಿಂದ ಇನ್ನೊಂದಾಯಿತು ಎಂದು ನಾನು ಹೇಳುತ್ತಿಲ್ಲ. ನಾಲ್ಕು ದಿನದ ಅಂತರದಲ್ಲಿ ಎರಡು ಊರು, ಅಷ್ಟೇ.

"ಅಂಗಡಿ ಬಾಗಲಾ ಎಳದು ಒಳಗ ಕುಂತಿದ್ದೆ," ಎಂದರು ಭಾವ. "ನನ್ನ ಹಂತ್ಯಾಕ ಒಂದು ಚೀಲ ಇರಲಿಲ್ಲ. ಇದ್ದವನು ಮುಚ್ಚಿಟ್ಟಾನ ಅಂತ ಮಂದಿ ಬೈತಿದ್ರು. ಈಗೂ ವರ್ಷಾ ಜೂನ್ ಹತ್ತಕ್ಕ ರೈತ ಸಂಘದವರು ನೆನಸ್ತಾರ." ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಹೆಂಟೆಯನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು.

ಚಹಾ ಕೊಟ್ಟ ಹುಡುಗ ನಕ್ಕಾಗ ಹಲ್ಲಿನ ಮೇಲೆ ಕಂದು ಗೆರೆಗಳು ಕಂಡವು. ನೀರಿನಲ್ಲಿ ಫ್ಲೋರೈಡ್; ನಮ್ಮ ಪಾವಗಡದ ಮಕ್ಕಳ ಹಲ್ಲಿನ ಹಾಗೆಯೇ. ಅದಿರು ತೊಳೆಯಲು ನೀರು ಹೋಗುತ್ತದೆ, ಮನೆಯ ನಲ್ಲಿ ಒಣಗಿರುತ್ತದೆ ಎಂದ. ಕೆಲಸ ಏನು ಎಂದು ಕೇಳಿದರೆ, "ನಮ್ಮಣ್ಣ ತೋಟಗಾರ" ಎಂದು ಮತ್ತೆ ನಕ್ಕ. ಇದು ಇಲ್ಲಿನ ಕಹಿ ತಮಾಷೆ. 2011ರ ಬಳಿಕ ಬಂದ ಸರ್ಕಾರಗಳು ಗಣಿ ಊರುಗಳ ನಿರುದ್ಯೋಗಿಗಳನ್ನು ಸುಮ್ಮನಿರಿಸಲು ಪರಿಸರ, ಗಿಡ ನೆಡುವಿಕೆ, ತೋಟಗಾರಿಕೆಯ ಕಂಪನಿಗಳನ್ನು ಹುಟ್ಟುಹಾಕಿದವು. ಸಾವಿರಾರು ಜನರಿಗೆ ತಿಂಗಳ ಸಂಬಳ, ಮಾಡಲು ಕೆಲಸವಿಲ್ಲ. ನಾನು ಸುತ್ತ ನೋಡಿದೆ. ಗಿಡ ಅಂತ ಕಂಡದ್ದು ಶಾಲೆಯ ಕಾಂಪೌಂಡಿನ ಎರಡು ನೀಲಗಿರಿ. ಸಂಬಳದ ಪಟ್ಟಿಗೆ ಹೆಸರು ಸೇರದವರು ಮತ್ತೆ ಹಳಿಯ ಮೇಲೆ ಕೂರುತ್ತಾರೆ, ರೈಲು ನಿಲ್ಲುತ್ತದೆ. 2010ರಲ್ಲಿ 80 ಲಕ್ಷ ಟನ್ನಿನ ಸುಮಾರಿಗಿದ್ದ ಫಾಸ್ಫೇಟ್ ಉತ್ಪಾದನೆ ಆಮೇಲೆ ಅದರ ಅರ್ಧಕ್ಕೆ ಏರಿದ ವರ್ಷಗಳೇ ಕಡಿಮೆ.

ಡಿಸೆಂಬರ್ 16, ಸೋಮವಾರ. ಗಾಬೆಸ್ ದಾರಿ

ದಿನವಿಡೀ ಪ್ರಯಾಣ. ಮಧ್ಯೆ ನಿಲ್ಲಿಸಿದ ಊರಿನಲ್ಲಿ ಉದ್ದನೆಯ ಬಗೆತ್ ಬ್ರೆಡ್ಡು ಕೊಂಡೆವು: 190 ಮಿಲಿಮ್, ನಮ್ಮ ಲೆಕ್ಕದಲ್ಲಿ ಐದಾರು ರೂಪಾಯಿ. ಬೇರೆಲ್ಲದರ ಬೆಲೆ ಏರಿದೆ, ಇದರದ್ದು ಏರಿಲ್ಲ. ಕಾರಣ ಹಳೆಯದು. 1984ರ ಜನವರಿಯಲ್ಲಿ ಬುರ್ಗೀಬಾ ಸರ್ಕಾರ ಬ್ರೆಡ್ಡಿನ ಬೆಲೆ ಇಮ್ಮಡಿ ಮಾಡಿದಾಗ ದೇಶ ಹೊತ್ತಿ ಉರಿಯಿತು. ಸೈನ್ಯ ಗುಂಡು ಹಾರಿಸಿಯೂ ನಿಲ್ಲದೆ, ಜನವರಿ 6ರಂದು ಅವರೇ ಟಿವಿಯಲ್ಲಿ ಬಂದು ಏರಿಕೆ ರದ್ದು ಎಂದರು. 2023ರಲ್ಲಿ ಐಎಂಎಫ್ 1.9 ಬಿಲಿಯನ್ ಡಾಲರ್ ಸಾಲಕ್ಕೆ ಸಬ್ಸಿಡಿ ಕಡಿತದ ಷರತ್ತು ಇಟ್ಟಾಗ ಸಯೀದ್ ಒಪ್ಪಲಿಲ್ಲ, 1984ನ್ನೇ ನೆನಪಿಸಿದರು. ಬೆಲೆ ಏರಿಸದೆ ಹೇಗೆ ನಿಭಾಯಿಸುತ್ತಾರೆ? ಹಿಟ್ಟು ಸಾಲದೆ ಬೇಕರಿ ಮುಂದೆ ಸಾಲು ನಿಲ್ಲುತ್ತದೆ, ಅಷ್ಟೆ. ಸಾಲಿನಲ್ಲಿ ನಿಂತವನು ದಂಗೆ ಏಳುವುದು ಕಡಿಮೆ. ಅವನಿಗೆ ತನ್ನ ಸರದಿ ತಪ್ಪುವ ಭಯ.

ಡಿಸೆಂಬರ್ 17, ಮಂಗಳವಾರ. ಗಾಬೆಸ್

ಇವತ್ತು ಕ್ರಾಂತಿಯ ದಿನ, ರಜೆ. ಕಚೇರಿಗಳ ಮೇಲೆ ಬಾವುಟ. ಗಾಬೆಸ್‌ನಲ್ಲಿ ಅದಕ್ಕಿಂತ ಹೆಚ್ಚು ಗಮನ ಸೆಳೆದದ್ದು ವಾಸನೆ: ಕೊಳೆತ ಮೊಟ್ಟೆ, ಸುಟ್ಟ ಬೆಂಕಿಕಡ್ಡಿ, ಗಂಟಲಲ್ಲಿ ಕೆರೆತ. ಖರ್ಜೂರದ ತೋಪು ಸಮುದ್ರದವರೆಗೂ ಇಳಿದು ಬರುವ ಊರು ಇದು. ಮರದ ಕೆಳಗೆ ದಾಳಿಂಬೆ, ಅದರ ಕೆಳಗೆ ಸೊಪ್ಪು, ಮೂರು ಅಂತಸ್ತಿನ ಬೇಸಾಯ. ಭಾವ ಕಾಲುವೆಗಳ ಬದುವಿನ ಮೇಲೆ ಒಂದು ಗಂಟೆ ಅಡ್ಡಾಡಿದರು, ಭಾಷೆ ಬಾರದ ಮುದುಕನೊಬ್ಬನ ಜೊತೆ ಕೈಸನ್ನೆಯಲ್ಲೇ ಮಣ್ಣಿನ ಮಾತು ನಡೆಸಿದರು.

ತೋಪಿನಾಚೆ 1970ರ ದಶಕದಿಂದ ನಡೆಯುತ್ತಿರುವ ಸರ್ಕಾರಿ ರಾಸಾಯನಿಕ ಸಂಕೀರ್ಣ. ರೆದೆಯೆಫ್ ಕಡೆಯ ಕಲ್ಲು ಆಮ್ಲವಾಗುವುದು ಇಂಥಲ್ಲಿ. ಆಮ್ಲ ಹಡಗು ಹತ್ತುತ್ತದೆ, ಉಳಿದ ಕಪ್ಪು ಕೆಸರು, ಫಾಸ್ಫೋಜಿಪ್ಸಮ್, ನೇರ ಸಮುದ್ರಕ್ಕೆ. ಶತ್ ಅಸ್ಸಲಾಮ್ ದಂಡೆಯಲ್ಲಿ ನಿಂತರೆ ಅಲೆಯ ಅಂಚು ಬೂದು. ಬಲೆ ಹೊಲಿಯುತ್ತಿದ್ದ ಮೀನುಗಾರ, ತನ್ನಪ್ಪ ಇದೇ ದಂಡೆಯಿಂದ ದಿನದ ಮೀನು ಹಿಡಿದು ಮಧ್ಯಾಹ್ನಕ್ಕೆ ಮನೆ ಸೇರುತ್ತಿದ್ದ, ತಾನು ಗಂಟೆಗಟ್ಟಲೆ ದೂರ ಹೋಗಬೇಕು ಎಂದ. ಮಾಲಿನ್ಯ ನಿಲ್ಲಿಸಿ ಎಂಬ ಚಳವಳಿ ಇಲ್ಲಿ 2011ರ ದಂಗೆಯ ನಂತರದಿಂದಲೂ ಇದೆ. ಮಾಲಿನ್ಯದ ಘಟಕಗಳನ್ನು ಕಿತ್ತು ಬೇರೆಡೆ ಕಟ್ಟುತ್ತೇವೆ ಎಂದು 2017ರಲ್ಲಿ ಸರ್ಕಾರ ತೀರ್ಮಾನವನ್ನೂ ಮಾಡಿತ್ತು. ಚಿಮಣಿಗಳು ಇದ್ದಲ್ಲೇ ಇವೆ.

"ನಮಗ ಆಸಿಡ್ ಬ್ಯಾಡ ಅನ್ನಾಕ ಆಗಂಗಿಲ್ಲ," ಎಂದರು ಭಾವ, ಮೂಗಿಗೆ ಟವೆಲ್ಲು ಹಿಡಿದು. "ಇವರಿಗೆ ಹೊಗಿ ಬೇಕು ಅನ್ನಾಕೂ ಆಗಂಗಿಲ್ಲ." ಅಷ್ಟರಲ್ಲಿ ಫೋನು. ರಾಣೆಬೆನ್ನೂರಿನ ಕಡೆಯ ಗಿರಾಕಿ, ಇಪ್ಪತ್ತು ಚೀಲ ಯಾವಾಗ ಬರುತ್ತದೆ ಎಂದು.

ನಾವು ಮರಳಿದ ಮೇಲೆ ನಡೆದದ್ದನ್ನೂ ಇಲ್ಲೇ ಬರೆಯುತ್ತೇನೆ. 2025ರ ಮಾರ್ಚ್‌ನಲ್ಲಿ ಟುನೀಷಿಯಾ ಸರ್ಕಾರ ಫಾಸ್ಫೇಟ್ ಉದ್ಯಮವನ್ನು ಮೇಲೆತ್ತುವ ಸಭೆ ನಡೆಸಿ, ಫಾಸ್ಫೋಜಿಪ್ಸಮ್ ಅನ್ನು ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತೆಗೆಯಲು ತೀರ್ಮಾನಿಸಿತು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಂಕೀರ್ಣದ ಪಕ್ಕದ ಶಾಲೆಯ ಮಕ್ಕಳು ಅನಿಲದಿಂದ ಉಸಿರುಗಟ್ಟಿ ಮತ್ತೆ ಮತ್ತೆ ಆಸ್ಪತ್ರೆ ಸೇರಿದರು. ಅಕ್ಟೋಬರ್ 21ರಂದು ಕಾರ್ಮಿಕ ಸಂಘದ ಕರೆಗೆ ಗಾಬೆಸ್ ಪೂರ್ತಿ ಬಾಗಿಲು ಹಾಕಿ ಹತ್ತಾರು ಸಾವಿರ ಜನ ಬೀದಿಗೆ ಬಂದರು. ಅದಕ್ಕೂ ಮೊದಲಿನ ದಿನಗಳ ಪ್ರತಿಭಟನೆಗೆ ಅಶ್ರುವಾಯು ಹಾರಿತ್ತು, ಹುಡುಗರ ಬಂಧನವಾಗಿತ್ತು. ಘಟಕ ಮುಚ್ಚಬೇಕೆಂಬ ಬೇಡಿಕೆಗೆ ಸರ್ಕಾರ ಕೊಟ್ಟ ಉತ್ತರ ದುರಸ್ತಿ ಮತ್ತು ಒಂದು ಸಮಿತಿ.